ಮೂರು ಮಳೆಗಾಲ ಬಾಯಿ ಮುಚ್ಚಿಕೊಂಡವರು

ದೋಸ್ತ ಅಣವೀರಾ,

ಮೊದಲೇ ಹೇಳಿಬಿಡುತ್ತೇನೆ, ನನಗೆ ನಿನ್ನ ಮೇಲೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳಿಗೇನು, ಇಡೀ ಕಮಲಾಪುರದ ಮುಂದೆ ತಲೆ ತಗ್ಗಿಸಿ ನಿಂತವನು ನಾನು. ಬದುಕಿದ್ದಾಗಲೂ ನೀನು ಹೀಗೇ ಇದ್ದೆ. ಅರ್ಧ ಮಾತು ಬಾಯಲ್ಲಿ, ಅರ್ಧ ಮಾತು ಹೊಟ್ಟೆಯಲ್ಲಿ. ಉಳಿದದ್ದನ್ನು ನಾವು ಊಹಿಸಿಕೊಳ್ಳಬೇಕು. ಹೋಗುವ ಹೊತ್ತಿಗಾದರೂ ಒಂದು ಮಾತನ್ನು ಪೂರ್ತಿ ಆಡಬೇಕೆಂದು ನಿನಗೆ ಅನ್ನಿಸಲಿಲ್ಲವೇ?

ಆ ಮಧ್ಯಾಹ್ನ ನೆನಪಿದೆಯೇ? ಕಲಬುರಗಿಯ ಆಸ್ಪತ್ರೆ, ಕಿಟಕಿ ಪಕ್ಕದ ಮಂಚ, ಕೈಗೆ ಸಲೈನು. ಮಿರಗದ ಮಳೆ ಕೂಡಲು ಇನ್ನೂ ವಾರವಿತ್ತು, ಹೊರಗೆ ಬಿಸಿಲು ಉರಿಯುತ್ತಿತ್ತು. ನಾನು ಕಮಲಾಪುರದ ಟ್ರಿಪ್ ಮುಗಿಸಿ, ಕಂಡಕ್ಟರ್ ಅಂಗಿಯಲ್ಲೇ ಓಡಿಬಂದಿದ್ದೆ. ಪಕ್ಕದ ಮಂಚದ ಮಗು ಒಂದೇ ಸಮನೆ ಅಳುತ್ತಿತ್ತು. ಒಂದೇ ಉಸಿರಿಗೆ ನಿನಗೆ ಎರಡು ಸುದ್ದಿ ಹೇಳಿದೆ. ಹಿಂದಿನ ಮಳೆಗಾಲದಲ್ಲಿ ನೀನು ಮೈದಾನಕ್ಕೆ ತಂದು ಹಚ್ಚಿದ ಗರಿಕೆ ಗೋಲುಗಳ ಮುಂದೆ ಬೇರು ಹಿಡಿದಿದೆ, ನಡುವೆ ಇನ್ನೂ ಬೋಳು. ನಮ್ಮ ಫುಟ್‌ಬಾಲ್ ಕ್ಲಬ್ಬನ್ನು ಶಹರದ ಇಬ್ಬರು ಬಿಲ್ಡರ್ ಅಣ್ಣತಮ್ಮಂದಿರು ತೆಗೆದುಕೊಂಡಿದ್ದಾರೆ, ಕಾಗದಪತ್ರ ಆಗಿಹೋಗಿದೆ. "ಏನ್ ಮಾಡಮು ಹೇಳು" ಎಂದು ಕೇಳಿದೆ. ನೀನು ಕಣ್ಣು ಮುಚ್ಚಿ ಹೇಳಿದೆ: "ಮೂರು ಮಳಿಗಾಲ ಹೋಗ್ಲಿ. ಅಲ್ಲಿತನಕ ಯಾರೂ ಕೈ ಹಚ್ಚಬ್ಯಾಡ್ರಿ." ಎರಡು ದಿನಕ್ಕೆ ನೀನು ಹೋದೆ.

ನಿನ್ನನ್ನು ಮಣ್ಣು ಮಾಡಿ ಬಂದ ವಾರ, ಕಲಬುರಗಿಯ ಶಹಾಬಜಾರದ ಖಾಜಾ ಭಾಯಿಯ ಚಹಾ ಅಂಗಡಿಯಲ್ಲಿ ನಾವೆಲ್ಲ ಸೇರಿದ್ದೆವು. ಕಮಲಾಪುರದಿಂದಲೂ ಮಂದಿ ಬಂದಿದ್ದರು. ಕೆಂಪು ಜೆರ್ಸಿಯ ನಮ್ಮ ತಂಡಕ್ಕೆ ಊರಿನ ಕೆಂಪು ಬಾಳೆಯ ಹೆಸರೇ ಅಂಟಿಕೊಂಡಿತ್ತಲ್ಲ, ಎದುರಿನವರು "ಸುಲದು ತಿಂತೀವಿ" ಎಂದು ಕೂಗಿದರೆ ನೀನು ಒಡ್ಡಿನ ಮೇಲೆ ನಿಂತು ಹಲಗಿ ಬಾರಿಸುತ್ತಿದ್ದೆಯಲ್ಲ, ಅದನ್ನೆಲ್ಲ ಹೇಳಿಕೊಂಡು ಅತ್ತೆವು. ಆಗ ನಮಗೆ ಮಾಲೀಕರೇ ಇರಲಿಲ್ಲ. ಐದು ಜನ ಹಿರಿಯರಿದ್ದರು, ಒಂದು ಚೆಂಡಿತ್ತು. ಈಗ ಬಂದ ಈ ಅಣ್ಣತಮ್ಮಂದಿರನ್ನು ನಂಬಬೇಕೋ ಬೇಡವೋ ಎಂಬ ಮಾತು ಎದ್ದಿತು. ನಾನು ಎದ್ದುನಿಂತು, "ಅಣವೀರ ಹೇಳಿಹೋಗ್ಯಾನ. ಮೂರು ಮಳಿಗಾಲ ಸುಮ್ಮ ಇರಬೇಕಂತ" ಎಂದೆ. ಸತ್ತವನ ಮಾತಿಗೆ ಎದುರಾಡುವವರು ಯಾರು?

ಮೊದಲ ವರ್ಷ ಕಷ್ಟವಾಗಲಿಲ್ಲ. ಹೊಸ ಬೂಟು ಬಂದವು, ಹೊರಗಿನಿಂದ ಕೋಚ್ ಬಂದ. ಹೆಣ್ಣುಮಕ್ಕಳ ತಂಡವೂ ಶುರುವಾಯಿತು, ಅದನ್ನು ಶುರು ಮಾಡಿದವರೂ ಅವರೇ, ಇದ್ದದ್ದನ್ನು ಇಲ್ಲವೆನ್ನಲಾರೆ. ಅದೇ ತಂಡಕ್ಕೆ ನಿನ್ನ ಮಗಳು ಅಂಬಿಕಾ ಸೇರಿದಳು. ನೀನು ಹೋದಾಗ ಐದನೇ ಇಯತ್ತೆ ಮುಗಿಸಿದ್ದ ಪೋರಿ, ಶಾಲೆಯ ಚೀಲ ಒಡ್ಡಿಗೆ ಎಸೆದು ಮೈದಾನಕ್ಕೆ ಇಳಿಯುತ್ತಿದ್ದಳು. ಎರಡನೇ ವರ್ಷ ನಮ್ಮ ತಂಡದ ಆಟಗಳೆಲ್ಲ ಕಲಬುರಗಿಗೆ ಹೋದವು. ಕಮಲಾಪುರದವರು ಗುಣುಗುಣು ಅಂದರು, ನಾನು ಮೂರು ಬೆರಳು ಎತ್ತಿ ತೋರಿಸಿದೆ. ಮುಂದಿನ ಬೇಸಿಗೆಗೆ ಹೆಣ್ಣುಮಕ್ಕಳ ಪ್ರಾಕ್ಟೀಸು "ಸದ್ಯಕ್ಕೆ" ನಿಂತಿತು. ಕೋಚ್ ಬರಲಿಲ್ಲ, ಚೆಂಡುಗಳ ಚೀಲ ಶಹರಕ್ಕೆ ಹೋಯಿತು. ನಾನು ಮತ್ತೆ ಮೂರು ಬೆರಳು ಎತ್ತಿದೆ. ನನ್ನನ್ನು ಕಂಡರೆ ಜನರೇ ಮೊದಲು ಮೂರು ಬೆರಳು ತೋರಿಸಿ ನಗುವಷ್ಟಾಯಿತು. ಆಮೇಲೆ ನಗುವುದನ್ನೂ ಬಿಟ್ಟರು.

ಇನ್ನೊಂದನ್ನು ಮುಚ್ಚಿಡುವುದಿಲ್ಲ. ಅಣ್ಣತಮ್ಮಂದಿರು ನನ್ನನ್ನು ಅಭಿಮಾನಿಗಳ ಅಧ್ಯಕ್ಷನನ್ನಾಗಿ ಮಾಡಿದರು. ಆಟದ ದಿನ ಮುಂದಿನ ಸಾಲಿನಲ್ಲಿ, ಬಿಳಿ ಬಟ್ಟೆ ಹೊದಿಸಿದ ಕುರ್ಚಿ. ಇಡೀ ದಿನ ಬಸ್ಸಿನಲ್ಲಿ ನಿಂತೇ ಇರುವವನಿಗೆ ಕುರ್ಚಿ ಅಂದರೆ ಏನೆಂದು ನಿನಗೆ ಗೊತ್ತು. ಚೆನ್ನಾಗಿತ್ತು ಅಣವೀರಾ, ಸುಳ್ಳು ಯಾಕೆ ಹೇಳಲಿ. ಒಂದು ದಿನ ಅದೇ ಕುರ್ಚಿಯಲ್ಲಿ ಕೂತಾಗ ಆ ಇಬ್ಬರಲ್ಲಿ ತಮ್ಮನಾದವನು ಒಂದು ಹಾಳೆ ತಂದು ನನ್ನ ತೊಡೆಯ ಮೇಲಿಟ್ಟ. ಮಾಲೀಕರು ಎಲ್ಲಿ ಆಡಿಸಿದರೂ ಅಭಿಮಾನಿಗಳ ತಕರಾರಿಲ್ಲ ಎಂದು ಅದರಲ್ಲಿತ್ತು. ಹೇಗಿದ್ದರೂ ಮೂರು ಮಳೆಗಾಲದ ತನಕ ನಮ್ಮದು ತಕರಾರಿಲ್ಲವಲ್ಲ ಎಂದುಕೊಂಡು ಸಹಿ ಹಾಕಿದೆ. ಯಾರಿಗೂ ಹೇಳಲಿಲ್ಲ.

ಈ ಸಲ ಮೂರನೇ ಮಳೆಗಾಲ ಮುಗಿಯಿತು. ಮುಗಿದದ್ದೇ ತಡ, ನನ್ನ ಬಸ್ಸಿನಲ್ಲೇ ಜಗಳ ಹತ್ತಿತು. ಬೆಳಗಿನ ಟ್ರಿಪ್, ಖಾಜಾ ಭಾಯಿ ಬೀಗರ ಮನೆಯಿಂದ ಶಹರಕ್ಕೆ ಮರಳುತ್ತಿದ್ದ. ಬಾಳೆಹಣ್ಣು ಮಾರುವ ನಾಗಮ್ಮ ಬುಟ್ಟಿ ಇಟ್ಟುಕೊಂಡು ಅವನ ಎದುರಿಗೇ ಕೂತಿದ್ದಳು. ಶಹರದ ಹತ್ತಿರ ಶರಣಸಿರಸಗಿಯ ಕಡೆ ಅಣ್ಣತಮ್ಮಂದಿರು ಹಾಕಿದ ಹೊಸ ಲೇಔಟಿನಲ್ಲಿ ಟರ್ಫ್ ಮೈದಾನ ಆಗುತ್ತಿದೆಯಂತೆ, ಕ್ಲಬ್ಬು ಕಾಯಂ ಆಗಿ ಅಲ್ಲಿಗೇ ಹೋಗುತ್ತದಂತೆ, ಹೆಸರಿನಲ್ಲಿ ಕಮಲಾಪುರ ಇರುವುದಿಲ್ಲವಂತೆ. ಆ ಸುದ್ದಿ ಹಿಂದಿನ ದಿನವಷ್ಟೇ ಬಂದಿತ್ತು.

"ಹೆಸರು ತಗೊಂಡು ಏನ್ ಮಾಡ್ತೀ? ಕಪ್ ನೋಡು" ಎಂದ ಖಾಜಾ ಭಾಯಿ. "ಎರಡು ಸಲ ಬಂತು. ನಿಮ್ಮ ಹಿರಿಯರು ಇದ್ದಾಗ ಎಷ್ಟ್ ಸಲ ಬಂದಿತ್ತು? ಮಾಲಿಕ್ ಅಂದ್ರ ಗೆಲ್ಲಿಸಬೇಕು. ಗೆಲ್ಲಿಸ್ಯಾರ. ಫೈಸ್ಲಾ ಮುಗೀತು."

"ಆ ಕಪ್ ನಾ ಕಣ್ಣಿಲೆ ಕಂಡಿಲ್ಲಪ್ಪ" ಎಂದಳು ನಾಗಮ್ಮ. "ಮೊದಲ ಸೋತ್ರೂ ನಮ್ಮ ಊರಾಗೇ ಸೋಲತಿದ್ರು. ಬುಟ್ಟಿ ಇಟ್ಟು ಒಂದು ಗಳಿಗಿ ನೋಡಿ ಬೈದು ಬರತಿದ್ದೆ. ಈಗ ಬೈಲಿಕ್ಕೂ ಟಿಕೀಟು ತಗಸಬೇಕು."

ಹಿಂದಿನ ಸೀಟಿನ ಬ್ಯಾಂಕಿನ ಹುಡುಗ, "ಬರೇ ಗೆದ್ದದ್ದು ನೋಡಬಾರದ್ರಿ. ಅವರು ಬರೋಕ್ಕಿಂತ ಮೊದಲ ಏನಿತ್ತು, ಈಗ ಏನದ, ಕೇಳಿದ್ರ ಜವಾಬು ಕೊಡ್ತಾರೋ ಇಲ್ಲೋ, ಎಲ್ಲಾ ನೋಡಬೇಕು" ಎಂದ. ಆಸ್ಪತ್ರೆಗೆ ಹೊರಟಿದ್ದ ಒಬ್ಬ ಮುದುಕಿ, "ಯಾವ ಮಾಲೀಕ್ರೋ ಯಪ್ಪಾ, ಬಸ್ಸಿಂದೇನು?" ಎಂದು ಕೇಳಿದಳು. ಎಲ್ಲರೂ ನಕ್ಕರು, ಮತ್ತೆ ಜಗಳಕ್ಕೆ ಬಿದ್ದರು. ಕಲಬುರಗಿ ಬಂದರೂ ಮುಗಿಯಲಿಲ್ಲ. ಕಡೆಗೆ ರವಿವಾರ ಕಮಲಾಪುರದ ಮೈದಾನದಲ್ಲಿ ಕೂಡಿ, ಮಾಲೀಕರನ್ನು ಅಳೆಯುವುದು ಹೇಗೆಂದು ಒಂದು ತೀರ್ಮಾನ ಮಾಡಿ, ಅವರಿಗೆ ಬರೆದು ಕೊಡೋಣ ಎಂದು ನಾನೇ ಹೇಳಿದೆ. ಅಧ್ಯಕ್ಷನಲ್ಲವೇ.

ರವಿವಾರ ಮಂದಿ ಕೂಡಿತು. ನಿನ್ನ ಹೆಂಡತಿ ಕಸ್ತೂರಿಯೂ ಬಂದಿದ್ದಳು, ಪಕ್ಕದಲ್ಲಿ ಅಂಬಿಕಾ. ಆ ಪೋರಿ ನನ್ನ ಜೊತೆ ಮಾತು ಬಿಟ್ಟು ಬಹಳ ದಿನವಾಗಿತ್ತು, ಯಾಕೆಂದು ನಾನು ಕೇಳಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ, "ಅಣವೀರ ಹೇಳಿದ ಮೂರು ಮಳಿಗಾಲ ಮುಗದಾವ. ಈಗ ಮಾಲೀಕರ ಬಗ್ಗೆ ಮಾತಾಡಮು."

ಕಸ್ತೂರಿ ಎದ್ದಳು. "ಅಣ್ಣಾರ, ಆ ಮಾತು ಮಾಲೀಕರದ್ದಲ್ರಿ. ಹುಲ್ಲಿಂದು."

ಯಾರಿಗೂ ತಿಳಿಯಲಿಲ್ಲ. ನನಗಂತೂ ಇಲ್ಲವೇ ಇಲ್ಲ.

"ಆ ದಿನ ದವಾಖಾನ್ಯಾಗ ನಾ ಅಲ್ಲೇ ಕಾಲ ಕಡಿ ಕುಂತಿದ್ದೆ. ನೀವು ಹ್ವಾದಮ್ಯಾಲ ಅವರು ನನಗ ಬಿಡಿಸಿ ಹೇಳಿದ್ರು. ನಡುವಿನ ಗರಿಕಿ ಬೇರು ಹಿಡೀಬೇಕಂದ್ರ ಮೂರು ಮಳಿಗಾಲ ಬೇಕು, ಅಲ್ಲಿತನಕ ಯಾರೂ ಕಿತ್ತಿ ಹೊಸಾದು ಹಚ್ಚಬಾರದು, ಮಾರುತಿಗ ನೆನಪ ಮಾಡು ಅಂದ್ರು. ಮಾಲೀಕರ ಸುದ್ದಿ ಅವರ ಕಿವಿಗೇ ಬಿದ್ದಿಲ್ಲ. ಆ ಕೂಸು ಹಂಗ ಅಳಾಕತ್ತಿತ್ತು."

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ ತಂಗೆವ್ವ?" ಎಂದೆ.

"ಅವರು ಹ್ವಾದ ಸಂಕಟದಾಗ ಹುಲ್ಲಿನ ಮಾತು ನನಗ ಮರತೇ ಹೋಗಿತ್ತು. ನೀವು ಆ ಮಾತು ಹಿಂಗ ಹೊತಗೊಂಡು ತಿರಗತೀರಂತ ನನಗೇನು ಗೊತ್ತು? ಈ ವಾರ ಇಕಿ ಹೇಳಿದಳು. ಪ್ರಾಕ್ಟೀಸು ಯಾಕ ನಿಂತದ, ದೊಡ್ಡವರು ಯಾಕ ಕೇಳಂಗಿಲ್ಲ ಅಂದ್ರ, ನಿಮ್ಮಪ್ಪನ ಮಾತದ ಸುಮ್ಮ ಇರು ಅಂತಾರಂತ. ಅವರ ಮಾತಂತ ಹೇಳಿ ಅವರ ಮಗಳ ಆಟಾನೇ ನಿಲ್ಲಿಸಿದ್ರಲ್ಲಣ್ಣಾರ."

ಖಾಜಾ ಭಾಯಿ ಮೊದಲು ನಕ್ಕುಬಿಟ್ಟ. ಅಂಬಿಕಾಳ ಮುಖ ಕಂಡು ನಿಲ್ಲಿಸಿದ.

ಹುಲ್ಲು. ಆ ಒಂದು ಶಬ್ದ ಸೇರಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಣವೀರಾ? ಆ ದಿನ ಮನೆಗೆ ಬಂದು ನಿನ್ನನ್ನು ಬಾಯಿ ತುಂಬ ಬೈದೆ. ಬೈದು ಬೈದು ಸುಸ್ತಾದ ಮೇಲೆ ಇನ್ನೊಂದು ಹೊಳೆಯಿತು. ನೀನು ಹುಲ್ಲು ಎಂದಿದ್ದರೂ ನಾನು ಬೇರೆ ಏನಾದರೂ ಹುಡುಕಿಕೊಳ್ಳುತ್ತಿದ್ದೆನೇನೋ... ಟಿಕೆಟ್ ಇಲ್ಲದವನನ್ನು ನಡುದಾರಿಯಲ್ಲಿ ಇಳಿಸುವ ಗಂಡಸು ನಾನು. ಇಸ್ತ್ರಿ ಅಂಗಿಯ ಇಬ್ಬರ ಮುಂದೆ "ಇದು ಬರೋಬರ್ ಇಲ್ರಿ" ಎನ್ನಲು ನಾಲಿಗೆ ಏಳಲಿಲ್ಲ. ನಿನ್ನ ಹೆಸರು ಸಿಕ್ಕಿತು, ಅದರ ಹಿಂದೆ ಅಡಗಿ ಕೂತೆ. ಇದನ್ನು ಒಪ್ಪಿಕೊಂಡರೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಎರಡೂ ಇವೆ.

ಸಹಿಯ ವಿಷಯವನ್ನು ಮರುದಿನವೇ ಎಲ್ಲರಿಗೂ ಹೇಳಿದೆ. ಯಾರೂ ಹೊಡೆಯಲಿಲ್ಲ, ಹೊಡೆದಿದ್ದರೆ ವಾಸಿಯಿತ್ತು. ಬ್ಯಾಂಕಿನ ಹುಡುಗ ಒಂದು ಅರ್ಜಿ ಬರೆದ. ತಂಡ ಕಮಲಾಪುರದಲ್ಲೂ ಆಡಬೇಕು, ಹೆಸರು ಇರಬೇಕು, ಹೆಣ್ಣುಮಕ್ಕಳ ತಂಡ ಮತ್ತೆ ಶುರುವಾಗಬೇಕು. ಮೊದಲ ಸಹಿ ನನ್ನದು. ತೆಗೆದುಕೊಂಡು ಅವರ ಆಫೀಸಿಗೆ ಹೋದೆ. ಆ ತಮ್ಮನೇ ಎದ್ದುನಿಂತು ಕೈ ಕುಲುಕಿದ, ಚಹಾ ತರಿಸಿದ, ಅರ್ಜಿ ಪೂರ್ತಿ ಓದಿದ. ಆಮೇಲೆ ನನ್ನದೇ ಹಳೆಯ ಹಾಳೆಯನ್ನು ಮೇಜಿನ ಮೇಲೆ ಇಟ್ಟ. "ಮಾರುತಿಯವರ, ನಿಮ್ಮ ಸಹಿ ಆಗ್ಯಾದಲ್ರಿ. ನಿಮಗ ಸಮಾಧಾನ ಇದ್ದಿಲ್ಲಂದ್ರ ಇಷ್ಟು ವರ್ಷ ಯಾಕ ಸುಮ್ಮ ಕುಂತ್ರಿ? ನಾವು ಮಂದಿ ಖುಷ್ ಅದಾರಂತ ತಿಳಕೊಂಡ್ವಿ."

ಅವನಿಗೆ ನಾನು ಏನು ಹೇಳಬೇಕಿತ್ತು, ನೀನೇ ಹೇಳು. ಹುಲ್ಲು ಎಂದು ಹೇಳಲೇ? ಚಹಾ ಕುಡಿಯದೆ ಎದ್ದು ಬಂದೆ. ನನ್ನ ಕೈಲಾದದ್ದು ಅಷ್ಟೇ. ಆ ಮನುಷ್ಯ ಕೆಟ್ಟವನೆಂದು ಬೈಯೋಣವೆಂದರೆ ಅದೂ ಪೂರ್ತಿ ಆಗುವುದಿಲ್ಲ. ಅವನು ಕೇಳಿದ್ದರಲ್ಲಿ ಸುಳ್ಳೇನಿತ್ತು?

ಕ್ಲಬ್ಬು ಹೋಯಿತು. ಹೋದ ತಿಂಗಳು ಶರಣಸಿರಸಗಿಯಲ್ಲಿ ಮೊದಲ ಆಟವಾಯಿತು, ಬೇರೆ ಹೆಸರು, ನೀಲಿ ಜೆರ್ಸಿ. ಖಾಜಾ ಭಾಯಿ ಹೋಗಿ ನೋಡಿ ಬಂದ. "ಆಟ ಛಲೋ ಆಯ್ತು ಮಾರುತಿ, ಆದ್ರ ಯಾರ ಹೆಸರು ಹಿಡದು ಕೂಗಬೇಕು ತಿಳೀಲಿಲ್ಲ" ಎಂದ. ಅವನ ಅಂಗಡಿಯಲ್ಲಿ ವಾದ ಇನ್ನೂ ನಡೆದೇ ಇದೆ. ಮಾಲೀಕರನ್ನು ಕಪ್ಪಿನಿಂದ ಅಳೆಯಬೇಕೋ ಮೈದಾನದಿಂದ ಅಳೆಯಬೇಕೋ ಎಂದು. ನನ್ನನ್ನು ಕೇಳಿದರೆ, ಅವರು ಬಂದ ಮೇಲೆ ಯಾರ ಆಟ ನಿಂತಿತೆಂದು ಮೊದಲು ನೋಡ್ರಿ, ಅದನ್ನು ಮೊದಲ ದಿನವೇ ಕೇಳ್ರಿ ಎನ್ನುತ್ತೇನೆ. ತಡವಾಗಿ ಬುದ್ಧಿ ಬಂದವನ ಮಾತಿಗೆ ಯಾರು ಕಿವಿಗೊಡುತ್ತಾರೆ.

ಊರಿನ ಬಯಲನ್ನು ಮಾತ್ರ ಯಾರಿಂದಲೂ ಎತ್ತಿಕೊಂಡು ಹೋಗಲಾಗಲಿಲ್ಲ. ಅಲ್ಲಿ ಈಗ ರವಿವಾರ ಏಳು ಹೆಣ್ಣುಮಕ್ಕಳು ಆಡುತ್ತಾರೆ. ಕೋಚ್ ಇಲ್ಲ, ಜೆರ್ಸಿ ಇಲ್ಲ, ನಾಗಮ್ಮ ಒಡ್ಡಿನ ಮೇಲೆ ಕೂತು ಎಲ್ಲರನ್ನೂ ಬೈಯುತ್ತಾಳೆ. ಹೋದ ವಾರ ನಾನೂ ಹೋದೆ. ದೂರ ನಿಂತಿದ್ದೆ. ಅಂಬಿಕಾ ನನ್ನ ಕಡೆ ನೋಡದೆ ಗೆಳತಿಗೆ ಹೇಳಿದಳು, "ಆ ಕಾಕಾಗ ಗೋಲಿನಾಗ ನಿಂದ್ರಲಿಕ್ಕೆ ಹೇಳು." ಪ್ಯಾಂಟು ಮಡಚಿಕೊಂಡು ನಿಂತೆ. ಈ ವಯಸ್ಸಿಗೆ, ಈ ಹೊಟ್ಟೆಗೆ. ನಾಲ್ಕು ಗೋಲು ಹೋದವು, ನಾನು ನಿಂತಲ್ಲಿಂದ ಅಲುಗಲಿಲ್ಲ. ಐದನೆಯ ಸಲ ಅವಳೇ ಚೆಂಡು ತಂದಳು, ಬರುತ್ತಲೇ ಕೂಗಿದಳು, "ಸುಮ್ಮ ನಿಂದ್ರಬ್ಯಾಡ್ರಿ ಕಾಕಾ, ಮುಂದ ಬರ್ರಿ."

ಒಂದು ವರ್ಷದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. ಮುಂದೆ ಹೋದೆ ಅಣವೀರಾ, ಆದರೂ ಚೆಂಡು ನನ್ನನ್ನು ದಾಟಿ ಹೋಯಿತು. ನಿನ್ನ ಮಗಳು ಎಡಗಾಲಿನಿಂದ ಹೊಡೆಯುತ್ತಾಳೆ. ನಿನಗೆ ಗೊತ್ತಿರಲಿಲ್ಲ, ಅಲ್ಲವೇ?

ನಿನ್ನ
ಮಾರುತಿ