ಹದಿಮೂರನೆಯ ಸಹಿ

ಬಾಕ್ಸ್ ಹಿಲ್, ಮೆಲ್ಬರ್ನ್
೧೩ ಜುಲೈ ೨೦೨೫, ಭಾನುವಾರ

ಆರತಿ,

‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದೆ. ಪ್ರೀತಿ ಇಲ್ಲವೆಂದಲ್ಲ. ಆ ಪದ ಕಂಡರೆ ನೀನು ಕಾಗದವನ್ನು ಅಲ್ಲಿಗೇ ಮಡಚಿಬಿಡುತ್ತೀಯೆಂಬ ಅಂಜಿಕೆ. ನನ್ನ ಫೋನ್ ಎತ್ತುವುದಿಲ್ಲ, ಮೆಸೇಜ್ ಓದಿದ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಹಾಗಾಗಿ ಅಮ್ಮನ ದಾರಿ ಹಿಡಿದಿದ್ದೇನೆ. ನಾವಿಬ್ಬರೂ ಜಡೆ ಹಿಡಿದು ಜಗಳವಾಡುತ್ತಿದ್ದ ಕಾಲದಲ್ಲಿ ಬಾಯಿಮಾತಿನ ದೂರು ಅವಳ ಹತ್ತಿರ ನಡೆಯುತ್ತಿರಲಿಲ್ಲ. ಬರೆದು ಕೊಡಿ, ಬರೆದದ್ದು ನಾಳೆ ಬಣ್ಣ ಬದಲಿಸುವುದಿಲ್ಲ ಎನ್ನುತ್ತಿದ್ದಳು. ಮೈಸೂರಿನಲ್ಲಿ ಮೂವತ್ತೊಂದು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವಳಿಗೆ ಮನೆಯೂ ಒಂದು ಕ್ಲಾಸೇ.

ಮೊನ್ನೆ ನಿನ್ನ ಮಗಳು ಮಹತಿ ಫೋನ್ ಮಾಡಿದ್ದಳು. ಅವಳನ್ನು ಬೈಯಬೇಡ. “ದೊಡ್ಡಮ್ಮ, ಮಮ್ ಅಜ್ಜಿ ರೂಮಲ್ಲೇ ಕೂತಿರ್ತಾರೆ. ಜಾಬ್‌ಗೆ ಹೋಗಿ ಸಿಕ್ಸ್ ವೀಕ್ಸ್ ಆಯ್ತು. ಅಮ್ಮ ನನ್ನನ್ನ ನಂಬಲಿಲ್ಲ ಅಂತ ಒಂದೇ ಹೇಳ್ತಾರೆ. ಪ್ಲೀಸ್, ಏನಾದ್ರೂ ಮಾಡಿ” ಎಂದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಕನ್ನಡ ಹುಡುಕಿ ಹುಡುಕಿ ಮಾತಾಡಿದಳು. ನನಗೆ ಅದಕ್ಕೇ ಭಯವಾಯಿತು.

ಅಮ್ಮನ ದಹನದ ದಿನ ಪಾರ್ಕಿಂಗ್‌ನಲ್ಲಿ ನಿಂತು ನನಗೂ ನೀನು ಅದನ್ನೇ ಹೇಳಿದ್ದೆ. “ಐದು ವರ್ಷ ಜೊತೆಗಿದ್ದು ನೋಡ್ಕೊಂಡೋಳು ನಾನು. ಆದ್ರೂ ಅಮ್ಮ ನನ್ನೊಬ್ಬಳನ್ನೇ ನಂಬಲಿಲ್ಲ ಅಕ್ಕ, ಕಾವಲಿಗೆ ನಿನ್ನನ್ನ ಇಟ್ಟಳು” ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನಿಜಕ್ಕೂ ಹೆಗಲ ಮೇಲಿದ್ದ ಬ್ಯಾಗಿನ ಪಟ್ಟಿಯ ಮೇಲಿತ್ತು. ಅಂದು ಕೊಡದ ಉತ್ತರವನ್ನು ಇಂದು ಕೊಡಬೇಕೆಂದು ಕೂತಿದ್ದೇನೆ.

ನಮ್ಮಿಬ್ಬರ ಸಹಿಯೂ ಬೇಕೆಂದು ಅಮ್ಮ ಮಾಡಿಸಿದ ಆ ಕಾಗದ ಆದ ದಿನ ನೆನಪಿದೆಯಾ? ೨೦೨೦ರ ಜನವರಿ, ಕಾಡ್ಗಿಚ್ಚಿನ ಹೊಗೆ ನಿಮ್ಮೂರು ಕೆಲ್ಲಿವಿಲ್‌ವರೆಗೂ ಬಂದು ನಿನ್ನ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ ಕೂತಿದ್ದೆವು. ಅಮ್ಮನಿಗೆ ಅದೇ ಸಾಕಾಯಿತು. ಅಮೆರಿಕದವರೂ ಹೀಗೇ ಸೆಕೆಯಲ್ಲಿ ಕಿಟಕಿ ಮುಚ್ಚಿ ಕೂತು ಸಂವಿಧಾನ ಬರೆದರು ಎಂದು ಶುರು ಮಾಡಿದಳು. ದೊರೆಯನ್ನು ಓಡಿಸಿದ ಮೇಲೆ ಅವರು ಮೊದಲು ಮಾಡಿಕೊಂಡ ಒಪ್ಪಂದದಲ್ಲಿ ಹದಿಮೂರು ರಾಜ್ಯಗಳೂ ಹೂಂ ಎನ್ನದೆ ಒಂದಕ್ಷರ ತಿದ್ದುವಂತಿರಲಿಲ್ಲವಂತೆ. ಮತ್ತೆ ಯಾರೂ ದೊರೆಯಾಗಬಾರದೆಂಬ ಭಯ ಅಷ್ಟಿತ್ತು. ಎಲ್ಲಕ್ಕಿಂತ ಪುಟ್ಟದಾದ ರೋಡ್ ಐಲೆಂಡ್ ಒಂದು ಸಲ ಒಲ್ಲೆ ಎಂದದ್ದಕ್ಕೆ ಉಳಿದ ಹನ್ನೆರಡೂ ಕೈಕಟ್ಟಿ ಕೂರಬೇಕಾಯಿತು. ಕೊನೆಗೆ ಫಿಲಡೆಲ್ಫಿಯಾದಲ್ಲಿ ಸೇರಿ ಹೊಸದು ಬರೆದರು. ಕಾನೂನು ಮಾಡುವವರು ಬೇರೆ, ನಡೆಸುವವರು ಬೇರೆ, ತೀರ್ಪು ಹೇಳುವವರು ಬೇರೆ, ಒಬ್ಬರು ಹದ್ದು ಮೀರಿದರೆ ಇನ್ನೊಬ್ಬರು ಕೈ ಹಿಡಿಯಬಹುದು. ಆದರೆ ಎಲ್ಲರೂ ಒಪ್ಪಲೇಬೇಕೆಂಬ ಹಟವನ್ನು ಬಿಟ್ಟರು, ಹದಿಮೂರರಲ್ಲಿ ಒಂಬತ್ತು ಸಾಕೆಂದರು. ರೋಡ್ ಐಲೆಂಡ್ ಆ ಸಭೆಗೆ ಬರಲೂ ಇಲ್ಲ. ಆ ಕೋಣೆಯಲ್ಲಿ ಗುಲಾಮರೂ ಇರಲಿಲ್ಲ, ಅವರ ತಲೆಯೆಣಿಕೆಯ ಮಾತು ಮಾತ್ರ ಇತ್ತು ಎಂದು ಅಮ್ಮ ಯಾವಾಗಲೂ ಕೊನೆಗೆ ಸೇರಿಸುತ್ತಿದ್ದಳು.

ಇಷ್ಟೆಲ್ಲ ಹೇಳಿ ಅವಳು ಮಾಡಿಸಿದ್ದೇನು? ತನಗೆ ಮಾತಾಡಲಾಗದ ಕಾಲ ಬಂದರೆ ಚಿಕಿತ್ಸೆಯ ವಿಷಯದಲ್ಲಿ ಇಬ್ಬರು ಹೆಣ್ಣುಮಕ್ಕಳೂ ಸೇರಿ ಸಹಿ ಹಾಕಬೇಕು, ಒಬ್ಬಳ ಸಹಿ ನಡೆಯದು. ಹೀಗೆ ಮಾಡಿದರೆ ಸಿಕ್ಕಿಹಾಕಿಕೊಳ್ಳುತ್ತೀರಿ, ಒಬ್ಬರನ್ನು ನೇಮಿಸಿ ಇನ್ನೊಬ್ಬರನ್ನು ಬದಲಿಗೆ ಇಟ್ಟುಕೊಳ್ಳಿ ಎಂದು ಕಾನೂನಿನ ಕಾಗದ ಬರೆದ ಸೊಲಿಸಿಟರ್ ಹುಡುಗಿ ಎರಡು ಸಲ ಹೇಳಿದಳು. ಅಮ್ಮ ನಕ್ಕುಬಿಟ್ಟಳು. ಮನೆಗೆ ಬಂದು, ಕಾನೂನು ಏನೇ ಹೇಳಲಿ, ಇದರಲ್ಲಿ ಒಂದಕ್ಷರ ಬದಲಾಗಬೇಕಾದರೂ ನಿಮ್ಮಿಬ್ಬರ ಒಪ್ಪಿಗೆ ಬೇಕು, ಇದು ನನ್ನ ಮಾತು ಎಂದು ನಮ್ಮ ಕೈ ಮೇಲೆ ಕೈಯಿಟ್ಟಳು. ದೀಪದ ಬುಡದಲ್ಲೇ ಕತ್ತಲೆ.

ಈ ವರ್ಷ ಫೆಬ್ರವರಿಯಲ್ಲಿ ನೀನು ಫೋನ್ ಮಾಡಿ, ಅಮ್ಮನಿಗೆ ಮರೆವು ಶುರುವಾಗಿದೆ ಕಣೇ ಎಂದಿದ್ದೆ. ಯಾವುದೋ ಕಾಗದ ಹಾಕಿದ್ದೇನೆ, ಇವತ್ತೂ ಉತ್ತರ ಬರಲಿಲ್ಲ ಎಂದು ದಿನಾ ಲೆಟರ್‌ಬಾಕ್ಸ್ ತೆಗೆದು ನೋಡುತ್ತಾಳೆ ಎಂದೆ. ವಯಸ್ಸಾಯಿತಲ್ಲ, ಇರುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಏಪ್ರಿಲ್ ಎರಡನೇ ವಾರ ಅವಳು ಅಡುಗೆಮನೆಯಲ್ಲಿ ಬಿದ್ದಳು.

ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ನುಂಗಲಾರಳು, ಮಾತು ಬರದು ಎಂದರು. ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದರು. ಐದನೇ ದಿನ ನೀನು ಅಳುತ್ತಾ ಹೇಳಿದೆ, ನಳಿಗೆ ತೆಗೆಸೋಣ ಅಕ್ಕ, ನೋವಾಗದ ಹಾಗೆ ನೋಡಿಕೊಂಡರೆ ಸಾಕು, ಅಮ್ಮನೇ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾಳೆ ಎಂದು. ಅದಕ್ಕೆ ನಾನು ಏನೆಂದೆ? ಬರೆದು ಕೊಟ್ಟಿದ್ದಾಳಾ, ಇದ್ದರೆ ತೋರಿಸು, ಬಾಯಿಮಾತು ಬೇಡ ಎಂದೆ. ಅಮ್ಮನ ಕೋಲಿನಿಂದಲೇ ನಿನಗೆ ಹೊಡೆದೆ.

ಅಮ್ಮ ನಳಿಗೆ ಕಿತ್ತುಕೊಳ್ಳುತ್ತಿದ್ದಳು. ಎಡಗೈ ಒಂದರಲ್ಲಿ ಉಳಿದಿದ್ದ ಶಕ್ತಿಯನ್ನೆಲ್ಲ ಅದಕ್ಕೇ ಬಳಸಿದಳು. ಆ ಕೈಗೆ ದಪ್ಪನೆಯ ಬಿಳಿ ಗವಸು ತೊಡಿಸಬೇಕಾಯಿತು. ಇಬ್ಬರೂ ಒಪ್ಪದಿದ್ದರೆ ತೀರ್ಪಿಗೆ ಟ್ರಿಬ್ಯೂನಲ್‌ಗೆ ಹೋಗಬೇಕು ಎಂದರು, ತಾರೀಖು ಮೂರು ವಾರ ಆಚೆ ಬಿತ್ತು. ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ, ನಾನು ಒಂಬತ್ತು ದಿನ ಬರಲಿಲ್ಲ. ವಿಡಿಯೊ ಕಾಲ್‌ನಲ್ಲಿ ನೀನು, ನಾನು, ಡಾಕ್ಟರು ಎಲ್ಲರೂ ಅವಳ ಬಗ್ಗೆ ಮಾತಾಡಿದೆವು, ಅವಳು ಮಾತ್ರ ಆ ಸಭೆಯಲ್ಲಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮ ಜಗಳದಲ್ಲಿ ಅಮ್ಮ ಬಡವಾದಳು. ತಾರೀಖಿಗೆ ಎರಡು ದಿನ ಇರುವಾಗ, ಇಪ್ಪತ್ತಾರನೇ ದಿನ, ಎದೆಯಲ್ಲಿ ಕಫ ಕಟ್ಟಿ ಹೋದಳು. ಗವಸನ್ನು ಬಿಚ್ಚಿದವಳು ನೀನು.

ಅಮ್ಮ ಎದ್ದು ಕೂರಬಹುದೆಂಬ ಆಸೆಯಿಂದ ಅಕ್ಕ ತಡೆದಳು ಎಂದು ನೀನು ನಂಟರಿಗೆಲ್ಲ ಹೇಳಿದೆಯಂತೆ. ನನ್ನ ಮೇಲೆ ಅಷ್ಟು ಸಿಟ್ಟಿದ್ದೂ ನನ್ನ ಮಾನ ಉಳಿಸಿದೆ. ಆ ಮಾತು ಸುಳ್ಳು, ಆರತಿ. ಹತ್ತೊಂಬತ್ತು ವರ್ಷದಿಂದ ದಿನವಿಡೀ ಸ್ಕ್ಯಾನ್ ತೆಗೆಯುವ ಕೆಲಸ ನನ್ನದು. ನೀನು ಮೊದಲ ದಿನ ಕಳಿಸಿದ ಚಿತ್ರ ನೋಡಿದಾಗಲೇ ನನಗೆ ಎಲ್ಲ ಗೊತ್ತಾಗಿತ್ತು. ಅಮ್ಮ ಅಲ್ಲಿಂದ ವಾಪಸ್ ಬರುವುದಿಲ್ಲವೆಂದು ನಿನಗಿಂತ ಮೊದಲು ತಿಳಿದವಳು ನಾನು. ಆದರೂ ಬೇಡ ಎಂದೆ. ನನ್ನನ್ನು ಕೇಳದೆ ನೀನು ತೀರ್ಮಾನ ಮಾಡಿಬಿಟ್ಟಿದ್ದೀಯೆಂಬ ಸಿಟ್ಟು. ಐದು ವರ್ಷ ನೀನು ಊಟ, ಮದ್ದು ನೋಡಿಕೊಂಡೆ, ನಾನು ಭಾನುವಾರ ಫೋನ್ ಮಾಡಿದೆ. ಆ ‘ಬೇಡ’ ಒಂದನ್ನು ಬಿಟ್ಟರೆ ಅಮ್ಮನ ವಿಷಯದಲ್ಲಿ ನನ್ನದು ಎನ್ನುವಂಥದ್ದು ಏನೂ ಉಳಿದಿರಲಿಲ್ಲ. ಅದನ್ನು ಬಿಟ್ಟುಕೊಡಲಾಗಲಿಲ್ಲ. ನನಗೆ ನಾಚಿಕೆಯಾಗುತ್ತದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೆಲಸಕ್ಕೆ ಹೋಗು. ಆ ರೂಮಿನ ಕಿಟಕಿ ತೆಗೆ. ಮಹತಿಗೆ ಹೆದರಿಕೆಯಾಗಿದೆ.

ನಿನ್ನ ಅಕ್ಕ,
ಇಂದು

ಸಹಿ ಹಾಕಿದ ಮೇಲೆ:

ಇಲ್ಲಿಗೆ ಮುಗಿಸಿ ಕವರ್ ಅಂಟಿಸಿದ್ದೆ. ಮತ್ತೆ ಹರಿದೆ. ಅರ್ಧ ಒಪ್ಪಿಕೊಂಡು ಒಳ್ಳೆಯವಳಾಗುವುದು ನನಗೆ ಚೆನ್ನಾಗಿ ಬರುತ್ತದೆ.

ಇದರ ಜೊತೆ ಇನ್ನೊಂದು ಕಾಗದವಿದೆ. ಅಮ್ಮನ ಕೈಬರಹ, ಫೆಬ್ರವರಿ ಮೂರನೇ ತಾರೀಖು. ವಾಕಿಂಗ್ ಹೋದಾಗ ತಾನೇ ಅಂಚೆ ಡಬ್ಬಿಗೆ ಹಾಕಿದ್ದಾಳೆ. ಐದನೇ ದಿನ ನನಗೆ ತಲುಪಿತು. “ಜೀವನವಿಡೀ ಪಾಠ ಮಾಡಿದ ತಪ್ಪನ್ನೇ ಮನೆಯಲ್ಲಿ ಮಾಡಿದೆ. ಇಬ್ಬರೂ ಒಪ್ಪಲೇಬೇಕು ಎಂಬುದು ಭಯದಿಂದ ಹುಟ್ಟಿದ ಕಾನೂನು. ಹತ್ತಿರ ಇದ್ದು ನೋಡುವವಳಿಗೆ ನನ್ನ ಮನಸ್ಸು ಗೊತ್ತು. ಇನ್ನು ಮುಂದೆ ಆರತಿ ಒಬ್ಬಳ ಸಹಿ ಸಾಕು. ನಳಿಗೆ ಹಾಕಿ ನನ್ನನ್ನು ಉಳಿಸಬೇಡಿ. ಕೊಟ್ಟ ಮಾತಿನಂತೆ ನಿನ್ನ ಒಪ್ಪಿಗೆ ಕೇಳುತ್ತಿದ್ದೇನೆ. ನಿನ್ನ ಉತ್ತರ ಬರುವವರೆಗೆ ಆರತಿಗೂ ಹೇಳುವುದಿಲ್ಲ, ಸೊಲಿಸಿಟರ್ ಹತ್ತಿರವೂ ಹೋಗುವುದಿಲ್ಲ. ರೋಡ್ ಐಲೆಂಡ್ ಆಗಬೇಡ ಮಗಳೇ” ಎಂದು ಬರೆದಿದ್ದಾಳೆ.

ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದಳು, ಕಾಗದ ಬಂತಾ ಎಂದು. ಬಂದಿಲ್ಲ ಅಮ್ಮ, ಇಲ್ಲಿ ಪೋಸ್ಟ್ ಬಹಳ ನಿಧಾನ ಎಂದೆ. ಒಂಬತ್ತು ಭಾನುವಾರ.

ಅಮ್ಮನಿಗೆ ಮರೆವು ಇರಲಿಲ್ಲ, ಆರತಿ. ಅವಳು ನಿನ್ನನ್ನು ನಂಬಿದ್ದಳು, ನಿನ್ನೊಬ್ಬಳನ್ನೇ. ಕಾಗದದ ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಒಂದರ ಮೇಲೆ ಅವಳ ಸಹಿ ಇದೆ. ಇನ್ನೊಂದರ ಪಕ್ಕ ನನ್ನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾಳೆ. ಆ ಜಾಗ ಖಾಲಿ ಇದೆ. ಹಾಗೇ ಕಳಿಸುತ್ತಿದ್ದೇನೆ.