ಅಪ್ಪ ಮ್ಯಾಕೋದ್ರು

ಊರಿಗಾಂ,
18 ಫೆಬ್ರವರಿ 2025

ಪ್ರೀತಿಯ ಮಗ ಅಂಬರೀಶನಿಗೆ,

ಸತ್ತು ಬದುಕಿದ ಅಪ್ಪನ ಆಶೀರ್ವಾದಗಳು. ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ದಿನವಿಡೀ ಬಗ್ಗಿಕೊಂಡು ಪಂಪ್‌ಸೆಟ್ ಬಿಚ್ಚಿದರೆ ಇನ್ನೇನಾದೀತು, ಅಂಗಡಿಯಲ್ಲಿ ಒಂದು ಸ್ಟೂಲ್ ಇಟ್ಟುಕೋ ಎಂದು ನಿನ್ನಮ್ಮ ಇದ್ದಾಗಿನಿಂದ ಬಡಕೊಳ್ಳುತ್ತಿದ್ದೇನೆ. ನಾನಂತೂ ಗಟ್ಟಿಯಾಗಿದ್ದೇನೆ. ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ, ನಿನ್ನ ತಂಗಿ ತ್ರಿವೇಣಿಯದನ್ನೂ ಮಾಡಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡುವುದನ್ನು ಬಂಗಾರಪೇಟೆಯಲ್ಲಿ ಇನ್ನೂ ಯಾರೂ ಕಲಿಸಿಲ್ಲವೆಂದು ಕಾಗದ ಬರೆಯುತ್ತಿದ್ದೇನೆ. ನನ್ನ ಮಣ್ಣಿಗೆ ನೀನು ಬರುತ್ತೀಯೋ ಇಲ್ಲವೋ, ಅದೊಂದು ನನಗೆ ತಿಳಿಯಬೇಕು.

ಹೋದ ವಾರ ನಡೆದದ್ದನ್ನು ನೀನು ಪಕ್ಕದ ಮನೆಯ ಬಚ್ಚಪ್ಪನ ಬಾಯಲ್ಲಿ ಅರ್ಧ ಕೇಳಿದ್ದೀಯ, ಪೂರ್ತಿ ಕೇಳು. ತ್ರಿವೇಣಿ, ಅವಳ ಗಂಡ ಮುನಿರಾಜ, ಮಗು, ಎಲ್ಲರೂ ಮುರ್ಡೇಶ್ವರದ ಕಡೆ ಸಮುದ್ರದ ದಂಡೆಯ ಒಂದು ರೆಸಾರ್ಟಿಗೆ ಹೊರಟು ನನ್ನನ್ನೂ ಎಳೆದುಕೊಂಡರು. ಅಲ್ಲಿ ಜನ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯುತ್ತಾರೆ. ಸ್ಕೂಬಾ ಡೈವಿಂಗ್ ಅಂತೆ. ಹೊರಡುವ ಹದಿನೈದು ದಿನ ಮೊದಲೇ ಮುನಿರಾಜ, “ನೀವು ದಡದಾಗೆ ಕುಂತ್ಕಳಿ ಮಾವ, ವಯಸ್ಸಾತು” ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೇಳು ವರ್ಷ ಚಿನ್ನದ ಗಣಿಯ ಕೇಜಿನಲ್ಲಿ ನಿಂತು ಮೈಲಿಗಿಂತ ಆಳಕ್ಕೆ ಇಳಿದು ಬಂಡೆ ಕೊರೆದವನಿಗೆ ಮೂವತ್ತಡಿ ನೀರು ತೋರಿಸಿ ಹೆದರಿಸುತ್ತಾನಲ್ಲ! ಅರವತ್ತು ದಾಟಿದವರಿಗೆ ಡಾಕ್ಟರ ಚೀಟಿ ಬೇಕೆಂದರು. ಚೀಟಿ ತಂದು ಅಳಿಯನ ಮೂತಿಗೆ ಹಿಡಿದೆ.

ಒಳಗೆ ಹೇಗಿತ್ತೆಂದು ನಿನಗೆ ಹೇಳಬೇಕು ಕಣೋ. ಆಳ ಎಂದರೆ ಕತ್ತಲು, ಸೆಕೆ, ಮದ್ದಿನ ವಾಸನೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅಲ್ಲಿ ಬೆಳಕಿತ್ತು, ತಂಪಿತ್ತು. ಹಳದಿ ಪಟ್ಟೆಯ ಮೀನೊಂದು ನನ್ನ ಕನ್ನಡಕದ ಹತ್ತಿರ ಬಂದು ಸಂಬಂಧ ಕೇಳಲು ಬಂದವರ ಹಾಗೆ ಮೇಲಿಂದ ಕೆಳಗೆ ನೋಡಿತು. ಜೊತೆಯಲ್ಲಿದ್ದ ಡೈವಿಂಗ್ ಮಾಸ್ತರು ಹೇಗಿದೆ ಎಂದು ಸನ್ನೆ ಮಾಡಿದಾಗ ಖುಷಿಗೆ ಹೆಬ್ಬೆರಳು ಎತ್ತಿದೆ. ತಕ್ಷಣ ನನ್ನನ್ನು ಹಿಡಿದುಕೊಂಡು ಮೇಲಕ್ಕೆ ಹೊರಟ. ನೀರಿನೊಳಗೆ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದು ಅರ್ಥವಂತೆ. ಮೊದಲೇ ಹೇಳಿಕೊಟ್ಟಿದ್ದ, ನಾನು ಎಲ್ಲಿ ಕಿವಿಗೆ ಹಾಕಿಕೊಂಡೆ? ಮತ್ತೆ ಇಳಿದೆವು, ಮತ್ತೆ ಹೆಬ್ಬೆರಳು ಎತ್ತಿದೆ. ಮೂರನೆಯ ಸಲಕ್ಕೆ ಅವನಿಗೆ ಸಾಕಾಗಿ ನನ್ನನ್ನು ದೋಣಿಗೇ ಹತ್ತಿಸಿದ.

ದೋಣಿ ದಡದ ಹತ್ತಿರ ಬಂದು ಸಿಗ್ನಲ್ ಸಿಕ್ಕಾಗ ಬಚ್ಚಪ್ಪ ನನ್ನ ಯೋಗಕ್ಷೇಮ ಕೇಳಲು ಫೋನ್ ಮಾಡಿದ. ವಾಂತಿ ಮಾಡಿ ಸುಸ್ತಾಗಿದ್ದ ತ್ರಿವೇಣಿ, “ಅಪ್ಪ ನೀರ್ನಾಗೆ ಬೆಳ್ಳು ತೋರ್ಸಿ ತೋರ್ಸಿ ಮ್ಯಾಕೋದ್ರು ಮಾಮ” ಎನ್ನುವಷ್ಟರಲ್ಲಿ ಚಾರ್ಜ್ ಮುಗಿಯಿತು. ಗಣಿಯ ಲೈನ್ ಮನೆಗಳಲ್ಲಿ ಒಂದು ಕಟ್ಟುನಿಟ್ಟು ಇತ್ತಲ್ಲ, ನಿನಗೆ ನೆನಪಿರಬೇಕು. ಪಾಳಿ ಮುಗಿಸಿ ಹೊರಬಿದ್ದವನನ್ನು ‘ಮ್ಯಾಕೆ ಬಂದ’ ಎನ್ನಬೇಕು. ‘ಮ್ಯಾಕೋದ’ ಎಂದರೆ ಹೆಣವಾದ ಎಂದೇ ಅರ್ಥ, ತಮಿಳಿನವರಿಗೂ ಅಷ್ಟೆ, ತೆಲುಗಿನವರಿಗೂ ಅಷ್ಟೆ. ಗಣಿ ಮುಚ್ಚಿದಾಗ ತ್ರಿವೇಣಿಗೆ ಆರು ವರ್ಷ, ಅವಳಿಗೇನು ಗೊತ್ತು. ನನ್ನ ಜೊತೆ ಪಾಳಿ ಮಾಡಿದ ಬಚ್ಚಪ್ಪನಿಗೆ ಇನ್ನೊಂದು ಅರ್ಥ ಹೊಳೆಯುವುದಾದರೂ ಹೇಗೆ? ನಿನಗೆ ಫೋನ್ ಮಾಡಿದ.

ಆರು ವರ್ಷದಿಂದ ನಿನಗೆ ಸಿಗದಿದ್ದ ಊರಿಗಾಂ ದಾರಿ ಅರ್ಧ ಗಂಟೆಯಲ್ಲಿ ಸಿಕ್ಕಿತು! ಹೆಂಡತಿ ರಾಧಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದೆಯಂತೆ. ಶಾಮಿಯಾನ ಹಾಕಿಸಿದೆ, ತಮಟೆಯವರಿಗೆ ಹೇಳಿ ಕಳಿಸಿದೆ, ಗೋಡೆಗೆ ತಲೆ ಚಚ್ಚಿಕೊಂಡು ಅತ್ತೆಯಂತೆ. ಇದನ್ನು ಬಚ್ಚಪ್ಪನ ಬಾಯಿಂದ ನಾಲ್ಕು ಸಲ ಹೇಳಿಸಿಕೊಂಡೆ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ರಾಧ ಮನೆ ಗುಡಿಸಿ, ನನ್ನ ಫೋಟೊ ಒರೆಸಿ, ದೀಪ ಹಚ್ಚಿ, ನಿನಗಿಂತ ಹೆಚ್ಚು ಅತ್ತಳಂತೆ. ಯಾಕೆ ಅತ್ತಳೋ ನಾನರಿಯೆ. ತ್ರಿವೇಣಿಯ ಮಗಳಿಗೆ ಕಿವಿ ಚುಚ್ಚಿದ ದಿನ, ನೆಂಟರೆಲ್ಲರ ಎದುರಿಗೆ, “ಬಂಜೆ ಕೈಗೆ ಮಗೀನ ಕೊಡ್ಬ್ಯಾಡ್ರಿ” ಎಂದು ಅವಳ ತೋಳಿನಿಂದ ಕೂಸನ್ನು ಕಿತ್ತುಕೊಂಡವನು ನಾನು. ಅಂದೇ ನೀವಿಬ್ಬರೂ ಹೊರಟುಹೋದಿರಿ. ಊಟ ಮಾಡಿ ಹೋಗಿ ಎಂದು ಹೇಳಲಿಲ್ಲವೆಂದು ಈಗಲೂ ನನಗೆ ನೋವಿದೆ.

ಮೂರು ಗಂಟೆ ಕಳೆದ ಮೇಲೆ ನಾವು ರೂಮಿಗೆ ಬಂದು ಫೋನಿಗೆ ಜೀವ ಕೊಟ್ಟೆವು. ನಾನೇ ಮಾತಾಡಿದೆ. ಬಚ್ಚಪ್ಪ ಕಿರುಚಿ ಫೋನನ್ನು ನಿನ್ನ ಕೈಗೆ ಹಾಕಿದ. ನೀನು ಉಸಿರಾಡುವುದು ಕೇಳಿಸಿತು. “ಅಂಬರೀಶ, ನಾನ್ಲಾ” ಎಂದೆ. ನೀನು ಫೋನ್ ಬಚ್ಚಪ್ಪನಿಗೆ ಕೊಟ್ಟುಬಿಟ್ಟೆ. ಆಮೇಲೆ ಅಂಗಳದಲ್ಲಿ ನಿಂತು, “ಮುದ್ಕ ಸತ್ತಾಗ ಒಂದ್ಸಲ ಬಂದಾಯ್ತು. ಇನ್ನೊಂದ್ಸಲ ಬರಾಕಿಲ್ಲ” ಎಂದೆಯಂತೆ, ಇಡೀ ಲೈನಿಗೆ ಕೇಳುವ ಹಾಗೆ. ಅಪ್ಪ ಬದುಕಿದ್ದಾನೆಂದು ತಿಳಿದು ಇಷ್ಟು ಕೋಪ ಮಾಡಿಕೊಂಡ ಮಗ ಈ ತಾಲ್ಲೂಕಿನಲ್ಲಿ ನೀನೊಬ್ಬನೇ ಇರಬೇಕು. ಶಾಮಿಯಾನದ ಗೂಟ ಕಿತ್ತ ಗುಂಡಿಗಳು ಅಂಗಳದಲ್ಲಿ ಹಾಗೇ ಇವೆ, ಒಂದರಲ್ಲಿ ನಿನ್ನೆ ಕಾಲು ಉಳುಕಿಸಿಕೊಂಡೆ.

ನಿನಗೆ ಆಯಸ್ಸು ಹೆಚ್ಚಲಿ, ಅಂಗಡಿಗೆ ಗಿರಾಕಿಗಳು ಬರಲಿ. ಬಿಸಿಲಿನಲ್ಲಿ ಬೈಕ್ ಜೋರಾಗಿ ಓಡಿಸಬೇಡ.

ಇನ್ನೂ ಮ್ಯಾಕೆ ಹೋಗದ ನಿನ್ನ ಅಪ್ಪ,
ಮುನಿಸ್ವಾಮಪ್ಪ

ಮರೆತಿದ್ದೆ: ಆ ಚೀಟಿಗೆಂದು ನಾನು ಮೊದಲು ತೋರಿಸಿಕೊಂಡ ಡಾಕ್ಟರು ಎಕ್ಸ್‌ರೇ ನೋಡಿ ಸಹಿ ಹಾಕಲಿಲ್ಲ. ಎದೆ ತುಂಬ ಬಂಡೆಯ ದೂಳಂತೆ, ಗೌರಿ ಹಬ್ಬ ಕಂಡರೆ ಹೆಚ್ಚಂತೆ. ಎಕ್ಸ್‌ರೇ ಕೇಳದ ಇನ್ನೊಬ್ಬರಿಂದ ಸಹಿ ಹಾಕಿಸಿಕೊಂಡೆ. ತ್ರಿವೇಣಿಗೆ ಹೇಳಿಲ್ಲ, ನೀನೂ ಹೇಳಬೇಡ. ಸತ್ತ ಮೇಲೆ ಬರುವುದಿಲ್ಲವೆಂದೆಯಲ್ಲ, ಬರಬೇಡ. ಈಗಲೇ ಬಾ. ರಾಧಳನ್ನು ಮಾತ್ರ ಕರೆತರಬೇಡ. ನಾನು ಸತ್ತೆನೆಂದು ಅತ್ತವಳ ಮುಖ ನೋಡಲು ನನಗೆ ನಾಚಿಕೆಯಾಗುತ್ತದೆ. ನಾಚಿಕೆಯಾದರೆ ನಾನು ಮತ್ತೆ ಅದೇ ಮಾತು ಅನ್ನುತ್ತೇನೆ, ನನ್ನ ನಾಲಿಗೆ ನನಗೆ ಗೊತ್ತು.