ಸ್ಟಾಪಿಗೊಂದು ಗುಟುಕು

ಗುರುವಾರ ಮಧ್ಯಾಹ್ನ
ಹೆಂಗಸರ ವಾರ್ಡು, ಅಜ್ಜಿಯ ಮಂಚದ ಪಕ್ಕದ ಸ್ಟೂಲಿನಿಂದ

ಪ್ರೀತಿಯ ಅಕ್ಕಾ,

ಈ ವಾರ್ಡಿನಲ್ಲಿ ವಯಸ್ಸಾದವರನ್ನು ನೀರಿನ ಪಕ್ಕದಲ್ಲೇ ಬಾಯಾರಿಸಿ ಮಲಗಿಸುತ್ತಾರೆ. ಇದು ಅನ್ಯಾಯ. ಕ್ಷೇಮ ಸಮಾಚಾರ ಆಮೇಲೆ, ಮೊದಲು ಇದನ್ನು ಕೇಳು. ಬೆಳಿಗ್ಗೆ ನೆಲ ಒರೆಸುವಾಗ ಮಂಚದ ಪಕ್ಕದ ಮೇಜುಗಳನ್ನು ಗೋಡೆಗೆ ಸರಿಸುತ್ತಾರೆ. ಮತ್ತೆ ಯಾರೂ ಎಳೆದು ಇಡುವುದಿಲ್ಲ. ಮೇಜಿನ ಮೇಲೆ ತುಂಬಿದ ಜಗ್ಗು, ಮಂಚದ ಮೇಲೆ ಒಣಗಿದ ನಾಲಿಗೆ. ಸಂಜೆ ಆ ತುಂಬಿದ ಜಗ್ಗನ್ನೇ ಚೆಲ್ಲಿ ಹೊಸ ನೀರು ತುಂಬುತ್ತಾರೆ! ಯಾರಲ್ಲೂ ಕೆಟ್ಟತನವಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಕಾಗದ ತಡವಾಯಿತು, ಬೈಯಬೇಡ. ಫೋನಿನಲ್ಲಿ ನಾನು "ಪರವಾಗಿಲ್ಲ" ಅಂದದ್ದೆಲ್ಲ ಅರ್ಧ ಸುಳ್ಳು. ಅಜ್ಜಿ ನಿಮ್ಮ ಮನೆಯ ಬಚ್ಚಲಲ್ಲಿ ಬಿದ್ದದ್ದು ಕಾಲು ಜಾರಿ ಅಲ್ಲವಂತೆ, ಮೈಯಲ್ಲಿ ನೀರಿಲ್ಲದೆ ತಲೆ ಸುತ್ತಿ. ಮಂಡಿನೋವಿಗೆ ಅಂಗಡಿಯಿಂದ ತರಿಸಿ ನುಂಗುತ್ತಿದ್ದ ಮಾತ್ರೆಯೂ ಸೇರಿ ಕಿಡ್ನಿ ಸೋತಿತ್ತು. ಡಾಕ್ಟರು ಮಾತ್ರೆ ನಿಲ್ಲಿಸಿ ಡ್ರಿಪ್ ಹಾಕಿದರು. "ರಕ್ತದಲ್ಲಿ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಹೊರಗೆ ಹಾಕ್ಬೇಕಾದ ಕಸ, ಇಳೀಲಿಲ್ಲ ಅಂದ್ರೆ ಡಯಾಲಿಸಿಸ್ ಯೋಚನೆ ಮಾಡ್ಬೇಕಾಗುತ್ತೆ. ಮೈ ತುಂಬಾ ಸೊರಗಿದೆ, ತಡ್ಕೊಳ್ಳೋದು ಕಷ್ಟ" ಅಂದರು. ನಿನಗೆ ಹೇಳಲು ನಾಲಿಗೆ ಏಳಲಿಲ್ಲ.

ಅಳುತ್ತಾ ಕೂರುವ ಜಾತಿ ನಾನಲ್ಲ, ನಿನಗೆ ಗೊತ್ತು. ಕೆಳಗಿನ ಸ್ಟ್ಯಾಂಡಿನಲ್ಲಿ ಕಿಡ್ನಿಯ ಬಗ್ಗೆ ಇದ್ದ ಕರಪತ್ರಗಳನ್ನೆಲ್ಲ ಬಾಚಿ ತಂದು ಓದಿದೆ. ಓದಿ ಎದ್ದವಳೇ ಎಲ್ಲ ಮೇಜುಗಳನ್ನೂ ದರದರ ಎಳೆದು, ಲೋಟ ಹಿಡಿದು ಹೊರಟೆ. ಮೂಲೆಯ ಮಂಚದ ದೊಡ್ಡಮ್ಮನಿಗೆ ಕುಡಿಸುವಷ್ಟರಲ್ಲಿ ಸಿಸ್ಟರ್ ಓಡಿ ಬಂದರು.

"ಏಯ್, ನಿಲ್ಸಮ್ಮಾ! ಇವ್ರಿಗೆ ಹಾರ್ಟ್ ತೊಂದ್ರೆ, ಕಾಲು ಊದಿರೋದು ಕಾಣಲ್ವಾ? ನೀರು ಅಳತೆ ಮಾಡಿ ಕೊಡ್ಬೇಕು. ನಿನ್ನ ಕರಪತ್ರದಲ್ಲಿ ಇದು ಬರೆದಿಲ್ವಾ?"

ಬರೆದಿತ್ತು, ಹಿಂದಿನ ಪುಟದಲ್ಲಿ. ನಾನು ಮುಂದಿನ ಪುಟ ಓದಿಯೇ ಯುದ್ಧಕ್ಕೆ ಹೊರಟಿದ್ದೆ. ಈಗ ಸಿಸ್ಟರನ್ನು ಕೇಳದೆ ಯಾರ ಲೋಟವನ್ನೂ ಮುಟ್ಟುವುದಿಲ್ಲ. ಆದರೆ ಮಾರನೆಯ ದಿನ ಅವರೇ ನೆಲಕ್ಕೆ ಬಿಳಿ ಟೇಪು ಅಂಟಿಸಿ, ಒರೆಸಿದ ಮೇಲೆ ಪ್ರತಿ ಮೇಜೂ ಅಲ್ಲಿಗೇ ಬರಬೇಕೆಂದು ಹುಕುಂ ಹೊರಡಿಸಿದರು. ಗೆದ್ದೆವು ಅಕ್ಕಾ!

ಗೆದ್ದರೇನು, ಕೈಗೆಟುಕುವ ನೀರನ್ನೂ ಅಜ್ಜಿ ಮುಟ್ಟಲಿಲ್ಲ. ಗದರಿದರೆ, "ಡ್ಯೂಟಿ ಮೇಲೆ ಕುಡಿಯಲ್ಲ ಕಣೇ" ಅನ್ನುತ್ತಾಳೆ. ಬಸ್ ಕಂಡಕ್ಟರಾಗಿ ದುಡಿದ ಕಾಲದ ಅಭ್ಯಾಸ. ಯಾವ ಸ್ಟಾಪಿನಲ್ಲೂ ಹೆಂಗಸರಿಗೊಂದು ಶೌಚಾಲಯವಿರಲಿಲ್ಲ. ಕೊನೇ ಟ್ರಿಪ್ ಮುಗಿಯುವವರೆಗೆ ಗಂಟಲು ಒಣಗಿಸಿಕೊಂಡೇ "ರೈಟ್ ರೈಟ್" ಅಂದವಳು. ಅದೂ ಒಂದು ಅನ್ಯಾಯ, ಅದರ ಬಗ್ಗೆ ಯಾವ ಕರಪತ್ರವೂ ಇಲ್ಲ. ನಾನೇ ಬರೆಯಬೇಕು.

ಆಗ ಹೊಳೆಯಿತು ನೋಡು! ವ್ಯಾಯಾಮ ಮಾಡಿಸುವ ಫಿಸಿಯೋ ಅಣ್ಣನ ಒಪ್ಪಿಗೆ ಪಡೆದು ವಾರ್ಡಿನಲ್ಲೇ ಒಂದು ರೂಟ್ ಹಾಕಿದೆ. ಮಂಚದಿಂದ ಕಿಟಕಿ, ಕಿಟಕಿಯಿಂದ ತೂಕದ ಮೆಷಿನ್, ಅಲ್ಲಿಂದ ಸಿಸ್ಟರ್ ಮೇಜು. ಸ್ಟಾಪಿಗೊಂದು ಗುಟುಕು ನೀರು. ಕೊನೇ ಸ್ಟಾಪು ಶೌಚಾಲಯ.

ಅಜ್ಜಿ ನನ್ನನ್ನೇ ದಿಟ್ಟಿಸಿದಳು. ಮೆಲ್ಲಗೆ ಕಾಲು ಕೆಳಗಿಟ್ಟು, ಫಿಸಿಯೋ ಅಣ್ಣನ ತೋಳು ಹಿಡಿದು, ಇದ್ದಕ್ಕಿದ್ದಂತೆ ಕೂಗಿದಳು: "ಯಾರ್ರೀ ಅದು ಬಾಗಿಲಲ್ಲಿ? ಒಳಗಡೆ ಹೋಗ್ರೀ!" ಬಾಗಿಲಲ್ಲಿದ್ದವರು ದೊಡ್ಡ ಡಾಕ್ಟರು. ಪಾಪ, ಒಳಗಡೆ ಹೋದರು!

ಎದುರು ಮಂಚದ ರಿಟೈರ್ಡ್ ಟೀಚರಮ್ಮ ವಾಕರ್ ಹಿಡಿದು ಹಿಂದೆಯೇ ಹೊರಟರು.

"ವಯಸ್ಸಾದೋರಿಗೆ ರಿಯಾಯಿತಿ ಇದೆಯೇನ್ರೀ?"

"ಇಲ್ಲಿ ಎಲ್ಲಾರೂ ವಯಸ್ಸಾದೋರೇ. ಫುಲ್ ಚಾರ್ಜು, ಚಿಲ್ಲರೆ ಕೊಡಿ!"

ಮೊದಲ ದಿನ ಕಿಟಕಿಗೇ ಬಸ್ಸು ಕೆಟ್ಟು ನಿಂತಿತು. ನಿನ್ನೆ ಕೊನೇ ಸ್ಟಾಪು ಮುಟ್ಟಿತು. ಇವತ್ತು ರಕ್ತದ ರಿಪೋರ್ಟು ಬಂತು: ಇಳಿದಿದೆ ಅಕ್ಕಾ, ಚೆನ್ನಾಗಿಯೇ ಇಳಿದಿದೆ! ಡಯಾಲಿಸಿಸ್ ಬೇಡ. ಡಾಕ್ಟರು ಡ್ರಿಪ್ಪಿಗೆ, ಮಾತ್ರೆ ನಿಲ್ಲಿಸಿದ್ದಕ್ಕೆ ಮುಕ್ಕಾಲು ಕೀರ್ತಿ ಕೊಟ್ಟರು. ಇರಲಿ, ಉಳಿದ ಕಾಲು ಭಾಗ ನಮ್ಮ ಬಸ್ಸಿನದು. ಭಾನುವಾರ ಮನೆಗೆ ಕಳಿಸುತ್ತಾರಂತೆ.

ನಿನ್ನ ಪುಟ್ಟಿಗೆ ಅಜ್ಜಿಯ ಮುತ್ತು. ನಿನಗೆ ಹೇಳಿದ್ದು ಇಷ್ಟೇ: "ತಣ್ಣಗಿರು ಅನ್ನು, ನನ್ನ ಆಯಸ್ಸೂ ಅವಳಿಗಿರಲಿ."

ನಿನ್ನ
ಕರಪತ್ರ
(ನೀನೇ ಇಟ್ಟ ಹೆಸರು, ಅನುಭವಿಸು)

ತಾ.ಕ.: ಇದನ್ನು ಮೇಲೆ ಬರೆಯಲಾಗಲಿಲ್ಲ. ಡ್ಯೂಟಿಯ ಮಾತು ನಿಜ, ಆದರೆ ಪೂರ್ತಿ ನಿಜವಲ್ಲ. ಇವತ್ತು ಮನೆಯ ವಿಷಯ ಎತ್ತಿದ ಕೂಡಲೇ ಅಜ್ಜಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಒಂದು ಬೆಳಿಗ್ಗೆ ಹಾಸಿಗೆ ಒದ್ದೆಯಾದಾಗ ನೀನು, "ನೀರು ಕಮ್ಮಿ ಕುಡೀರಿ ಅಜ್ಜೀ, ದಿನಾ ಒಗೆಯೋಕೆ ನನ್ನ ಕೈಲಾಗಲ್ಲ" ಅಂದೆಯಂತೆ. ಅವತ್ತಿನಿಂದಲೇ ನೀರು ಬಿಟ್ಟಿದ್ದಳಂತೆ. ದೂರಲಿಲ್ಲ ಅಕ್ಕಾ. "ಪಾಪ, ಸೋಪಿಗೆ ಅವಳ ಕೈಯೆಲ್ಲಾ ಒಡೆದುಹೋಗಿತ್ತು" ಅಂದಳು. ಆಮೇಲೆ, "ಅಲ್ಲಿಗೆ ಹೋದ್ರೆ ಮತ್ತೆ ಕುಡಿಯೋಕೆ ಧೈರ್ಯ ಬರಲ್ಲ ಕಣೇ" ಅಂದಳು. ಅಲ್ಲಿ ಕುಡಿದರೂ ಪರವಾಗಿಲ್ಲ ಎಂದು ನಾನು ಹೇಳಿದರೆ ಅವಳು ನಂಬುವುದಿಲ್ಲ. ನೀನೇ ಬಂದು, ನಿನ್ನ ಕೈಯಾರೆ ಲೋಟ ಕೊಡಬೇಕು. ಬಟ್ಟೆ ಒಗೆಯಲು ನಾನಿದ್ದೇನೆ, ನಿಮ್ಮ ಮನೆಗೇ ಬಂದಿರುತ್ತೇನೆ. ಅಜ್ಜಿ ವಾರ್ಡಿನ ಬಾಗಿಲವರೆಗೆ ನಡೆದು ಬಂದು ನಿಂತಿರುತ್ತಾಳೆ. ಭಾನುವಾರ, ಸಂಜೆ ನಾಲ್ಕು ಗಂಟೆಗೆ.